ಬಿರುಕು ತೋರಿಸುವ ಗಂಗಾಮಣಕ್ಕ
ಸಕಲೇಶಪುರದ ಸರ್ಕಾರಿ ಬಾಡಿಗೆ ಮನೆಗಳ ಸಾಲಿನಲ್ಲಿ ಬಾಡಿಗೆದಾರರ ಸಲಹಾ ಕೇಂದ್ರ ಎಂದರೆ ಗಂಗಾಮಣಕ್ಕನ ಬಾಯಿ. ಯಾರ ಮನೆಗೆ ಕಾಲಿಟ್ಟರೂ ಅವಳು ಮೊದಲು ಸೂರು ನೋಡುತ್ತಾಳೆ, ಆಮೇಲೆ ಮುಖ. ಹಿಂದಿನ ಸಲ ರಿಪೇರಿಗೆ ಸರ್ಕಾರದ ಹಣ ಬಂದಾಗ, ಸಾಹೇಬರು ಬರುತ್ತಾರೆಂದು ಜನ ಸುಣ್ಣ ಬಳಿದು, ಸೋರುವಲ್ಲಿಟ್ಟ ಬಕೆಟ್ಟನ್ನು ಮಂಚದಡಿ ತಳ್ಳಿ, ಕಾಫಿ ಕೊಟ್ಟು ಉಪಚರಿಸಿದ್ದರು. ಸಾಹೇಬರು ‘ಮನೆಗಳು ಸುಸ್ಥಿತಿಯಲ್ಲಿವೆ’ ಎಂದು ಬರೆದುಕೊಂಡು ಹೋದರು, ಹಣವೂ ವಾಪಸ್ ಹೋಯಿತು. ಹಾಗಾಗಿ ಈ ಸಲ ರಿಪೇರಿಗೆ ಮನೆ ನೋಡಲು ಎಂಜಿನಿಯರ್ ಬರುವ ದಿನ ಅವಳು ಬೆಳಗಿನಿಂದಲೇ ಮನೆಮನೆಗೆ ನುಗ್ಗಿ ಸುಣ್ಣದ ಕುಂಚ ಕಿತ್ತುಕೊಂಡಳು, ಬಿರುಕಿನ ಮೇಲಿನ ಕ್ಯಾಲೆಂಡರ್ ಇಳಿಸಿದಳು. “ದೇವ್ರ ಪಟ ಕಣಕ್ಕ!” “ದೇವ್ರಿಗೂ ಗೋಡೆ ಬೇಕಲ್ಲ, ತೆಗಿಯೇ!” “ಮರ್ಯಾದೆ ಹೋಯ್ತದೆ” ಎಂದವರಿಗೆ, “ಗೋಡೆ ತಲೆ ಮ್ಯಾಲೆ ಬಿದ್ರೆ ಮರ್ಯಾದೆ ಉಳಿತದಾ?” ಕೊನೆಗೆ ಎಂಜಿನಿಯರ್ ಅವಳ ಮನೆಗೇ ಬಂದರು. ಹೇಳದೆ ಕೇಳದೆ ಬಂದಿದ್ದ ಆಲೂರಿನ ಬೀಗರು, ಮಗಳ ಮಾವ, ಒಳಗೆ ಕಾಫಿ ಕುಡಿಯುತ್ತಿದ್ದರು. ಅವರ ಬೆನ್ನ ಹಿಂದೆ ಗೋಡೆಗೆ ಹೂವಿನ ಪರದೆ. ಅವರು ಹೆಣ್ಣು ನೋಡಲು ಬಂದ ದಿನ ಕಟ್ಟಿದ್ದನ್ನು ಗಂಗಾಮಣಕ್ಕ ಇಂದಿಗೂ ಬಿಚ್ಚಿರಲಿಲ್ಲ. “ನಿಮ್ಮ ಮನೆ ಚೆನ್ನಾಗೇ ಇದೆಯಲ್ಲಮ್ಮ” ಎನ್ನುತ್ತ ಎಂಜಿನಿಯರ್ ಹೊರಡಲು ತಿರುಗಿದರು. ಬಾಗಿಲಲ್ಲಿ ಸಾಲಿನವರೆಲ್ಲ ಅವಳನ್ನೇ ನೋಡುತ್ತಿದ್ದರು. ಗಂಗಾಮಣಕ್ಕ ಬೀಗರ ಬೆನ್ನ ಹಿಂದೆ ಹೋದಳು. ಪರದೆಯನ್ನು ಒಮ್ಮೆಲೇ ಎಳೆದಳು. ಕುಸಿದ ಗೋಡೆಯ ಸಂದಿನಿಂದ ಹಿತ್ತಿಲಿನ ಬೆಳಕು ಬೀಗರ ಲೋಟದ ಮೇಲೆ ಬಿತ್ತು. “ನೋಡಿ ಸಾರ್” ಎಂದಳು. ಗೋಡೆಯ ಕಡೆಗೆ ಕೈ ಚಾಚಿದ್ದರೂ ಅವಳು ನೋಡುತ್ತಿದ್ದುದು ಬೀಗರ ಮುಖವನ್ನೇ.