ಅಂಬಾಸಿಡರಿನ ಎಡಗಡೆಯ ತಗ್ಗು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಮೊದಲು ಈ ಮಾತು ಕೇಳಿಬಿಡಿ, ಉಳಿದದ್ದೆಲ್ಲ ಆಮೇಲೆ. ನನ್ನ ಮಗಳು ಶಾಂತವ್ವ ರಾಯಚೂರಿನ ದವಾಖಾನೆಯಲ್ಲಿ ಹೆತ್ತು, ಇವತ್ತು ಮುಂಜಾನೆ ಕೂಸನ್ನು ಎತ್ತಿಕೊಂಡು ಮಾನ್ವಿಗೆ, ನಮ್ಮ ಮನೆಗೆ ಬಂದಳು. ತಾಯಿ ಚೆನ್ನಾಗಿದ್ದಾಳೆ, ಮಗು ಚೆನ್ನಾಗಿದೆ, ಅಜ್ಜನಿಗೆ ಮಾತ್ರ ತಲೆ ನಿಂತಿಲ್ಲ. ನಮ್ಮ ಗಿರಣಿಗೆ ಜೋಳ ಬೀಸಲು ತಂದವರಿಗೆಲ್ಲ ಹೇಳಿಯಾಯಿತು. ಹಿಟ್ಟು ಮೆತ್ತಿದ ಮುಖದಲ್ಲೇ ಓಡಿಹೋಗಿ ಅಂಚೆಯವನಿಗೂ ಹೇಳಿದೆ. ಅವನು, "ನಿನ್ನೆನೂ ಹೇಳಿದ್ರಲ್ಲ ಅಜ್ಜಾ" ಎಂದ. ಇರಲಿ. ನಿನ್ನೆ ಹೇಳಿದ್ದು ಕಿವಿಯಿಂದ ಕೇಳಿದ್ದು, ಇವತ್ತಿನದು ಕಣ್ಣಿಂದ ಕಂಡದ್ದು.

ಕೂಸು ಬಂದದ್ದು ನನಗೆ ಹಾರ್ನಿನ ಮೇಲೆ ಗೊತ್ತಾಯಿತು. ಓಣಿಯ ತುದಿಯಲ್ಲಿ ಮುದುಕ ಕೆಮ್ಮಿದಂತೆ ಎರಡು ಸಲ ಕೂಗಿತು. ಗಿರಣಿಯ ಸದ್ದಿನಲ್ಲೂ ನನಗೆ ಕೇಳಿಸಿತು, ಏಕೆಂದರೆ ಆ ಹಾರ್ನನ್ನು ಹತ್ತು ವರ್ಷ ಒತ್ತಿದವನು ನಾನು. ಅಳಿಯ ಮಲ್ಲೇಶಿ ಈಗ ನಡೆಸುವ ಗಾಡಿ ಒಂದು ಕಾಲಕ್ಕೆ ನನ್ನದು. ಅದು ನನ್ನ ಕೈಬಿಟ್ಟ ಕಥೆ ಹೇಳದಿದ್ದರೆ ಈ ಕೂಸು ನಮ್ಮ ಮನೆಗೆ ಬಂದ ಕಥೆಯೂ ಅರ್ಧವೇ. ನಾನು ನಾಲ್ಕನೆಯ ಇಯತ್ತೆಗೆ ಸಾಲೆ ಬಿಟ್ಟವನು. ಬರೆಯುವಾಗ ಗೇರು ಹಾಕುವುದು ಹೆಚ್ಚುಕಡಿಮೆಯಾಗಿ ನಿಮಗೆ ಜಗ್ಗಿದಂತಾದರೆ, ಹಿಂದಿನ ಸೀಟು ಗಟ್ಟಿ ಹಿಡಿದು ಕುಳಿತುಕೊಳ್ಳಿ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಕೆನಾಲಿನ ನೀರು ಬಂದು ಮಾನ್ವಿಯ ಸುತ್ತ ಭತ್ತ ಹಸಿರಾಗಿತ್ತು, ರೈಸ್ ಮಿಲ್ಲುಗಳು ಏಳುತ್ತಿದ್ದವು. ನಾನು ಒಬ್ಬ ಮಿಲ್ ಸಾವ್ಕಾರರ ಡ್ರೈವರ್. ಅವರು ಹೊಸ ಗಾಡಿ ತಂದಾಗ ಹಳೆಯ ಬಿಳಿ ಅಂಬಾಸಿಡರನ್ನು ನನಗೆ ಕೊಟ್ಟರು. ಪುಕ್ಕಟೆ ಅಲ್ಲ, ಪಗಾರದಲ್ಲಿ ಮುರಿದುಕೊಂಡು. ನಮ್ಮ ಕೇರಿಯಲ್ಲಿ ಅಲ್ಲಿಯವರೆಗೆ ಸೈಕಲ್ಲೇ ದೊಡ್ಡ ಗಾಡಿ. ನಮ್ಮ ಹಿರಿಯರು ಮಂದಿಯ ಹೊಲದಲ್ಲಿ ಕೂಲಿ ಮಾಡಿದವರು, ಮಂದಿಯ ಬಂಡಿಯ ಹಿಂದೆ ನಡೆದವರು. ಅಂಥ ಕೇರಿಗೆ ನಾನು ಕಾರು ಬಿಟ್ಟುಕೊಂಡು ಬಂದ ಸಂಜೆ, ಹಸಿದ ಕೂಸುಗಳನ್ನೂ ಕಂಕುಳಲ್ಲಿ ಇಟ್ಟುಕೊಂಡು ಹೆಂಗಸರು ಹೊರಗೆ ಬಂದಿದ್ದರು. ನಾನು ಸ್ಟೇರಿಂಗ್ ಬಿಟ್ಟು ಇಳಿಯಲೇ ಇಲ್ಲ. ಇಳಿದರೆ ಯಾರ ಗಾಡಿ ಎಂದು ತಿಳಿಯುವುದಿಲ್ಲವಲ್ಲ!

ಗಾಡಿಗೆ ಪೂಜೆಯಾಗಬೇಕು. ಕಾಯಿ ಹೊಡೆಯಲು ಮನೆಯ ಹಿರಿಯ ಎಂದರೆ ಭೀಮಣ್ಣ ಕಾಕಾ. ಅವನು ನನ್ನ ತಂದೆಯ ಕೊನೆಯ ತಮ್ಮ. ಹೆಂಡತಿ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದವನು. ಕೆನಾಲು ಕಟ್ಟುವಾಗ ಕಲ್ಲು ಒಡೆದು ಒಡೆದು ಅವನ ಬಲಗೈ ಸುತ್ತಿಗೆಯಂತಾಗಿತ್ತು. ನಮ್ಮ ಕಡೆ ಹೊಸ ಬಂಡಿ ಬಂದರೆ ಗಾಲಿಯ ಸುತ್ತಲಿನ ಕಬ್ಬಿಣದ ಪಟ್ಟಿಗೆ ಕಾಯಿ ಹೊಡೆಯುವುದು ಪದ್ಧತಿ. ಕಾಕಾನಿಗೆ ಗೊತ್ತಿದ್ದದ್ದೂ ಅದೇ. ಅವನು ಕಾಯಿ ಹಿಡಿದು ಮುಂದಿನ ಗಾಲಿಯನ್ನು ನೋಡಿದ, ಬಗ್ಗಿ ಬೆರಳಿನಿಂದ ಒತ್ತಿದ.

"ಏ, ಇದು ರಬ್ಬರ್ ಅದಲ್ಲೋ. ಇದಕ್ಕ ಹೊಡದ್ರ ಕಾಯಿ ಒಡೀತದೇನು?" ಎಂದ.

ಕಲ್ಲಿಗೆ ಹೊಡಿ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ, ಗಾಲಿಯ ಮೇಲೆಯೇ ಕಬ್ಬಿಣ ಕಂಡಿತು ಅವನಿಗೆ. ಎತ್ತಿ ಹೊಡೆದೇ ಬಿಟ್ಟ, ಎಡಗಡೆಯ ಮಡ್‌ಗಾರ್ಡಿಗೆ. ಢಬ್ ಎಂದಿತು. ಅಂಬಾಸಿಡರಿನ ತಗಡು ಸಾಮಾನ್ಯದ್ದಲ್ಲ ಎಂದು ನಿಮಗೆ ಗೊತ್ತು. ಅದು ಬಗ್ಗಿತು. ಕಾಯಿ ಮಾತ್ರ ಒಡೆಯಲಿಲ್ಲ, ಇಡಿಯಾಗಿ ಉರುಳಿಕೊಂಡು ಹೋಗಿ ಮೋರಿಗೆ ಬಿತ್ತು.

ಹಲಗೆ ಬಾರಿಸುತ್ತಿದ್ದವರು ನಿಲ್ಲಿಸಿದರು. ಪೂಜೆಯ ಕಾಯಿ ಒಡೆಯದಿದ್ದರೆ ಏನು ತಿಳಿಯುತ್ತಾರೋ ಅದನ್ನೇ ಎಲ್ಲರೂ ತಿಳಿದರು, ಬಾಯಿ ಬಿಡಲಿಲ್ಲ ಅಷ್ಟೆ. ನನ್ನ ಹೆಂಡತಿ ಹುಲಿಗೆಮ್ಮನೇ ಮಾತು ಹಾರಿಸಿದಳು.

"ಕಾಯಿ ಹಠಮಾರಿ ಅದ ಮಾವ, ನನ್ನಂಗ. ತಡೀರಿ, ಇನ್ನೊಂದು ತರ್ತೀನಿ."

ಮಂದಿ ನಕ್ಕರು. ಇನ್ನೊಂದು ಕಾಯಿ ಬಂತು. ಆದರೆ ಕಾಕಾ ಅದನ್ನು ಮುಟ್ಟಲಿಲ್ಲ. "ನೀನೇ ಹೊಡಿಯಪ್ಪ. ನನ್ನ ಕೈ ಛಲೋ ಇಲ್ಲ" ಎಂದು ಹಿಂದೆ ಸರಿದ. ಆ ದಿನದಿಂದ ಯಾರ ಮನೆಯ ಪೂಜೆಗೆ ಕರೆದರೂ ಅವನು ಕಾಯಿ ಹಿಡಿಯಲಿಲ್ಲ. ಮದುವೆಯಲ್ಲಿ ಅಕ್ಷತೆ ಹಾಕುವಾಗಲೂ ಹಿಂದಿನ ಸಾಲಿನಲ್ಲಿ ನಿಂತು, ತನ್ನ ಕಾಳು ಮದುಮಕ್ಕಳ ಮೇಲೆ ಬೀಳದಷ್ಟು ದೂರದಿಂದ ಹಾಕುತ್ತಿದ್ದ. ಬಾಣಂತಿಯ ಮನೆಗೆ ಹೋದರೆ ಕೂಸನ್ನು ದೂರದಿಂದ ನೋಡಿ ಬರುತ್ತಿದ್ದ. ಗಾಡಿಯಲ್ಲಿ ಕುಳಿತರೆ ಹಿಂದಿನ ಸೀಟು, ಅದೂ ಬಲಗಡೆ. ಎಡಗಡೆ ಅವನು ಸುಳಿಯುತ್ತಲೇ ಇರಲಿಲ್ಲ. ಟೈರು ಪಂಕ್ಚರ್ ಆದರೆ ನಾನು ಮೊಳೆಯನ್ನು ಬೈಯುತ್ತಿದ್ದೆ, ಕಾಕಾನ ಮುಖ ಸಣ್ಣದಾಗುತ್ತಿತ್ತು.

ನನಗಾದರೋ ಆ ತಗ್ಗಿನ ಮೇಲೆ ಪ್ರೀತಿ. ಬೇರೆಯವರ ಬಿಳಿ ಗಾಡಿ ಎಷ್ಟೋ ಇದ್ದವು, ನನ್ನದು ಮಾತ್ರ ದೂರದಿಂದಲೇ ಗುರುತು ಸಿಗುತ್ತಿತ್ತು. "ಕಾಯಿ ಗಾಡಿ ಬಂತು" ಎನ್ನುತ್ತಿದ್ದರು ಕಲ್ಲೂರಿನ ಹುಡುಗರು. ಹೆರಿಗೆ ನೋವು ಹತ್ತಿದವರನ್ನು ಪೋತ್ನಾಳದಿಂದ ರಾಯಚೂರಿಗೆ ಒಯ್ದಿದ್ದೇನೆ, ದೇವದುರ್ಗದಿಂದ ಮದುಮಗಳನ್ನು ತಂದಿದ್ದೇನೆ. ಒಮ್ಮೆ ಮದುಮಗನನ್ನೇ ಬಿಟ್ಟು ಬೀಗರನ್ನೆಲ್ಲ ಹತ್ತಿಸಿಕೊಂಡು ಬಂದದ್ದೂ ಉಂಟು, ಅದು ಬೇರೆ ಮಾತು. ಇಷ್ಟು ವರ್ಷದಲ್ಲಿ ಯಾರಿಗೂ ಗಾಡಿ ತಾಗಿಸಲಿಲ್ಲ. ಒಂದು ಕೋಳಿ ತಾನಾಗಿ ಬಂದು ಬಂಪರಿಗೆ ಬಡಿದುಕೊಂಡಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಎಂಬತ್ತನೆಯ ಇಸವಿ ದಾಟಿದ ಮೇಲೆ ನನ್ನ ಕಣ್ಣು ಕೈಕೊಟ್ಟಿತು. ಎದುರಿನ ಲಾರಿಯ ದೀಪ ಎರಡಿದ್ದದ್ದು ನಾಲ್ಕಾಗಿ ಕಾಣತೊಡಗಿತು. ಕಣ್ಣಿನ ಡಾಕ್ಟರು, "ಇನ್ನು ನೀವು ಕೂತ್ಕೊಂಡು ಹೋಗ್ರಿ, ನಡಸಬ್ಯಾಡ್ರಿ" ಎಂದರು. ಗಾಡಿ ಮಾರಿ, ಆ ಹಣದಲ್ಲಿ ಒಂದು ಹಿಟ್ಟಿನ ಗಿರಣಿ ಹಾಕುವುದೆಂದು ಮನೆಯಲ್ಲಿ ಮಾತಾಯಿತು. ಒಳ್ಳೆಯ ಬೆಲೆಗೆ ಹೋದರೆ ಗಿರಣಿ, ಇಲ್ಲದಿದ್ದರೆ ಈ ವಯಸ್ಸಿನಲ್ಲಿ ಮತ್ತೆ ಕೂಲಿ.

ಆಗ ಎದ್ದಿತು ಈ ಪ್ರಶ್ನೆ, ತಗ್ಗು ತೆಗೆಸಿ ಮಾರಬೇಕೋ, ಇದ್ದಂತೆಯೇ ಮಾರಬೇಕೋ?

"ಹಂಗೇ ಇರ್ಲಿ" ಎಂದೆ ನಾನು.

"ನಿಮಗ ಅದು ಮುದ್ದು, ತೊಗೊಳ್ಳಾವಗ ಮುದ್ದೇನು? ತಗ್ಗು ತೋರಿಸಿ ತೋರಿಸಿ ಬೆಲಿ ಇಳಸ್ತಾನ" ಎಂದಳು ಹುಲಿಗೆಮ್ಮ.

ಅವಳ ಮಾತಿಗೆ ನಾನು ಬಗ್ಗುವವನಲ್ಲ. ಆದರೆ ಕಾಕಾ ಮೂಲೆಯಿಂದ ಎದ್ದು ಬಂದು ನನ್ನ ಮುಂದೆ ನಿಂತ. "ತಮ್ಮಾ, ನಿನ್ನ ಮನ್ಯಾಗ ಇರೋತನಕ ಅದು ನಮ್ಮ ಮನಿ ಮಾತು. ಬ್ಯಾರೆ ಊರಾವ್ರ ಕೈಗೆ ನನ್ನ ತಪ್ಪು ಹೋಗಬಾರ್ದು. ತೆಗಿಸಿಬಿಡು" ಎಂದ. ಹತ್ತು ವರ್ಷದಲ್ಲಿ ಅವನು ಆ ತಗ್ಗಿನ ಮಾತು ಎತ್ತಿದ್ದು ಅದೇ ಮೊದಲು. ನಾನು ಮರುದಿನವೇ ಗಾಡಿಯನ್ನು ರಾಯಚೂರಿಗೆ, ಖಾದರ್ ಮಿಸ್ತ್ರಿಯ ಹತ್ತಿರ ಒಯ್ದೆ.

ಖಾದರ್ ನನ್ನ ಹಳೆಯ ದೋಸ್ತ. ಒಳಗಿನಿಂದ ಬಡಿದು ತಗ್ಗನ್ನು ಅಷ್ಟಿಷ್ಟು ಎತ್ತಿದ, ಉಳಿದದ್ದನ್ನು ಲಪ್ಪಂ ಮೆತ್ತಿ ತುಂಬಿದ, ಉಜ್ಜಿ ನುಣುಪು ಮಾಡಿ ಬಿಳಿ ಬಣ್ಣ ಹೊಡೆದ. "ನೋಡ್ ಭಾಯ್, ಮದುವಿ ಗಂಡಿನಂಗ ಆಗ್ಯಾನ!" ಎಂದ. ನಿಜವೇ. ತೊಂದರೆ ಏನೆಂದರೆ ಮಡ್‌ಗಾರ್ಡ್ ಒಂದೇ ಮದುವೆ ಗಂಡಾಗಿತ್ತು, ಉಳಿದ ಗಾಡಿ ಹಳೆಯ ಬೀಗರಂತೆ ಪಕ್ಕದಲ್ಲಿ ನಿಂತಿತ್ತು.

ಮೊದಲು ನೋಡಲು ಬಂದವನು ಸಿಂಧನೂರು ಕಡೆಯ ಒಬ್ಬ ವ್ಯಾಪಾರಿ. ಗಾಡಿಯ ಸುತ್ತ ಒಂದು ಸುತ್ತು ಬಂದು, ಹೊಸ ಬಣ್ಣದ ಹತ್ತಿರ ನಿಂತು ಮೂಗು ಮುರಿದ.

"ಇಲ್ಲಷ್ಟೇ ಯಾಕ ಬಣ್ಣ? ಪಲ್ಟಿ ಆದ ಗಾಡಿ ಇದು."

ಹೀಗೆಂದು ಹೊರಟೇಹೋದ. ಹೋದವನು ಸುಮ್ಮನಿರಲಿಲ್ಲ. ವಾರದೊಳಗೆ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನನ್ನೇ ಕೇಳತೊಡಗಿದರು, "ಎಲ್ಲಿ ಪಲ್ಟಿ ಮಾಡಿದ್ಯೋ?" ಎಂದು. ಗಿರಣಿ ಹೋದರೆ ಹೋಗಲಿ ಅನ್ನಿಸಿತು. ಒಂದು ಗೀರು ಬೀಳದಂತೆ ನಡೆಸಿದ ಡ್ರೈವರನ ಹೆಸರು ಹೋಯಿತಲ್ಲ! ನಿಜ ಹೇಳಬಹುದಿತ್ತು. ಹೇಳಿದರೆ ಚಹಾದಂಗಡಿಯವರೆಲ್ಲ ಕಾಕಾನನ್ನು ನೋಡಿ ನಗುತ್ತಾರೆ. ನಾನು ಚಹಾ ಕುಡಿದು ಎದ್ದು ಬಂದೆ.

ಆಮೇಲೆ ಬಂದವನು ದೇವದುರ್ಗದ ದುರುಗಪ್ಪ. ನಮ್ಮವನೇ, ಲಾರಿ ನಡೆಸಿ ನಡೆಸಿ ಸ್ವಂತ ಬಾಡಿಗೆ ಗಾಡಿ ಇಡುವ ಆಸೆ ಹುಟ್ಟಿಸಿಕೊಂಡವನು. ಅವನ ಕಿವಿಗೂ ಸುದ್ದಿ ಬಿದ್ದಿತ್ತು. ಬೆರಳ ಗೆಣ್ಣಿನಿಂದ ಗಾಡಿಯನ್ನು ಬಡಿಯುತ್ತ ಬಂದ. ಟಣ್, ಟಣ್, ಟಣ್... ಎಡಗಡೆ ಬಂದಾಗ ದಪ್ ಎಂದಿತು.

"ಇದರ ಕೆಳಗ ಏನದ್ರೀ?" ಎಂದ.

ಕೇರಿಯ ಅರ್ಧ ಮಂದಿ ನೋಡಲು ನಿಂತಿದ್ದರು. ನಾನು, "ಹಳೇದೊಂದು ತಗ್ಗು. ಪಲ್ಟಿ ಅಲ್ಲ, ಆಣಿ ಮಾಡ್ತೀನಿ" ಎಂದೆ.

"ಆಣಿ ಬ್ಯಾಡ್ರಿ, ಹೆಂಗಾತು ಹೇಳ್ರಿ."

ನಾನು ಬಗ್ಗಿ ಟೈರು ಒತ್ತಿ ನೋಡತೊಡಗಿದೆ. ದುರುಗಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡ, ಹೊರಡುವ ಲಕ್ಷಣ. ಆಗ ಕಟ್ಟೆಯ ಮೇಲಿಂದ ಕಾಕಾನ ಧ್ವನಿ ಬಂತು.

"ನಿಲ್ರಿ. ಆ ಹೊಡ್ತ ನಂದು."

ಎಲ್ಲರೂ ತಿರುಗಿದರು. ಕಾಕಾ ನಡೆದು ಬಂದು, ಹತ್ತು ವರ್ಷ ಸುಳಿಯದ ಎಡಗಡೆಗೆ ಬಂದು ನಿಂತ. "ಬಂಡಿಗೆ ಹೊಡದಂಗ ಕಾಯಿ ಹೊಡದೆ. ಕಾಯಿ ಒಡೀಲಿಲ್ಲ, ಗಾಡಿ ತಗ್ಗಾತು. ಇವನ ಕೈಯಾಗಿಂದು ಒಂದು ಗೀರೂ ಇಲ್ಲ ಇದರ ಮ್ಯಾಲ" ಎಂದ.

ದುರುಗಪ್ಪ ನಂಬಲಿಲ್ಲ. "ತೆಂಗಿನಕಾಯಿಲೇ ಅಂಬಾಸಿಡರ್ ತಗ್ಗು ಬೀಳ್ತದೇನ್ ಯಪ್ಪಾ? ಯಾರಿಗೆ ಹೇಳ್ತೀರಿ?"

ಕಾಕಾನಿಗೆ ಸಿಟ್ಟು ಬಂತು. ನಾಚಿಕೆಯ ಜಾಗದಲ್ಲಿ ಸಿಟ್ಟು ಬಂದದ್ದು ನಾನು ಕಂಡೆ. ಒಳಗೆ ಹೋಗಿ ಉಳಿ ತಂದ, ಖಾದರ್ ಮಿಸ್ತ್ರಿಯ ಮದುವೆ ಗಂಡಿನ ಮುಖವನ್ನು ಗರಗರ ಕೆರೆದು ಕೆಡವಿದ. ತಗಡು ಕಂಡಿತು. ಮಿಸ್ತ್ರಿ ಪೂರ್ತಿ ಎತ್ತಿರಲಿಲ್ಲವಾದ್ದರಿಂದ ತಗ್ಗು ಅಲ್ಲೇ ಇತ್ತು. "ಹುಲಿಗೆಮ್ಮಾ, ಕಾಯಿ ತಾ" ಎಂದ. ಅವಳು ದೇವರ ಮುಂದಿನದನ್ನೇ ತಂದಳು. ಕಾಕಾ ಅದನ್ನು ತಗ್ಗಿನೊಳಗೆ ಇಟ್ಟು ಕೈ ಬಿಟ್ಟ. ಕಾಯಿ ಗೂಡಿನಲ್ಲಿ ಕುಳಿತ ಹಕ್ಕಿಯಂತೆ ಅಲ್ಲೇ ಕುಳಿತಿತು.

ದುರುಗಪ್ಪ ಕಾಯಿ ನೋಡಿದ, ಕಾಕಾನ ಕೈ ನೋಡಿದ, ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕೇರಿಯೂ ನಕ್ಕಿತು. ನಾನು ಹೆದರಿ ಕಾಕಾನನ್ನು ನೋಡಿದರೆ, ಅವನ ಬಾಯಿಯೂ ಮೆಲ್ಲಗೆ ಬಿಚ್ಚಿಕೊಳ್ಳುತ್ತಿತ್ತು.

"ಯಪ್ಪಾ" ಎಂದ ದುರುಗಪ್ಪ ಕಣ್ಣೊರೆಸಿಕೊಂಡು, "ಇಂಥಾ ಹೊಡ್ತ ತಿಂದೂ ಹತ್ತು ವರ್ಷ ಓಡ್ಯದಲ್ಲ, ಇದರಗಿಂತ ಗಟ್ಟಿ ಗಾಡಿ ನನಗ ಯಾವಾಗ ಸಿಗಬೇಕು? ತೊಗೋತೀನಿ. ಮತ್ತ ತಗ್ಗಿಗೆ ಏನೂ ತುಂಬಬ್ಯಾಡ್ರಿ."

ಹೇಳಿದ ಬೆಲೆಗೇ ಒಪ್ಪಿದ. ಕೀಲಿ ಕೊಡುವ ಮೊದಲು ಹಾರ್ನನ್ನು ಇನ್ನೆರಡು ಸಲ ಒತ್ತಿದೆ, ಇರಲಿ. ದುರುಗಪ್ಪ ಕಾಕಾನಿಗಾಗಿ ಮುಂದಿನ ಬಾಗಿಲು ತೆರೆದು, "ದೇವದುರ್ಗದ ತನಕ ಬರ್ರಿ, ನಮ್ಮನ್ಯಾಗ ರೊಟ್ಟಿ ತಿಂದು ನಾಳೆ ಬಸ್ಸಿಗೆ ಬರೂರಂತ" ಎಂದ. ಕಾಕಾ ನನ್ನ ಕಡೆ ನೋಡಿದ, ಪಂಚೆ ಎತ್ತಿ ಕಟ್ಟಿದ, ಮುಂದಿನ ಸೀಟಿನಲ್ಲಿ ಕುಳಿತ. ಎಡಗಡೆ. ಕೇರಿ ದಾಟುವವರೆಗೂ ಕಿಟಕಿಯ ಹೊರಗೆ ಅವನ ಕೈ ಕಾಣುತ್ತಿತ್ತು.

ಮರುದಿನ ಬಸ್ಸಿಳಿದು ಬಂದವನು ನೀರು ಕೂಡ ಕೇಳಲಿಲ್ಲ. "ದುರುಗಪ್ಪಗ ಒಬ್ಬ ಮಗ ಅದಾನ, ಮಲ್ಲೇಶಿ ಅಂತ. ಬಂದ ಗಾಡಿನ ಸಂಜಿತನಕ ತೊಳದ, ತಾಯಿಗೆ ನೀರೂ ತಾನೇ ಸೇದಿಕೊಟ್ಟ. ನಮ್ಮ ಶಾಂತವ್ವಗ ನೋಡು" ಎಂದ. ಆಗಿನ್ನೂ ಅವಳು ಹೊಲಿಗೆ ಕಲಿಯುತ್ತಿದ್ದಳು. ಅವಸರ ಮಾಡಲಿಲ್ಲ. ದುರುಗಪ್ಪ ಮಾನ್ವಿಗೆ ಬಂದಾಗಲೆಲ್ಲ ನಮ್ಮ ಹೊಸ ಗಿರಣಿಯ ಮುಂದೆ ಗಾಡಿ ನಿಲ್ಲಿಸುತ್ತಿದ್ದ, ಆಮೇಲೆ ಮಲ್ಲೇಶಿ ನಿಲ್ಲಿಸತೊಡಗಿದ. ಕೊನೆಗೆ ಶಾಂತವ್ವನನ್ನೇ ಕೇಳಿದೆವು.

"ಮುತ್ಯಾ ನೋಡಿ ಬಂದಾನಲ್ಲ, ಇನ್ನೇನು ಕೇಳ್ತೀರಿ?" ಎಂದು ಕಾಕಾನ ಕಡೆ ಕೈ ತೋರಿಸಿ ಒಳಗೆ ಓಡಿದಳು.

ಮದುವೆಗೆ ಅದೇ ಗಾಡಿಯಲ್ಲಿ ದಿಬ್ಬಣ ಬಂತು. ಕರೆತರಲು ಹೋಗಿದ್ದ ನಾನು ಹಿಂದಿನ ಸೀಟಿನಲ್ಲಿ ಕುಳಿತು ಅಳಿಯನಿಗೆ ಗೇರು ಹಾಕುವುದು ಹೇಳಿಕೊಡುತ್ತಿದ್ದೆ. ಮದುಮಗನೇ ನಡೆಸುತ್ತಿದ್ದ ಎಂದು ಈಗಲೂ ಮಂದಿ ನಗುತ್ತಾರೆ. ಆದರೆ ಅಕ್ಷತೆ ಹಾಕುವಾಗ ಕಾಕಾ ಮತ್ತೆ ಹಿಂದಿನ ಸಾಲಿಗೇ ಹೋಗಿದ್ದ. ನಗು ಬಂದಷ್ಟು ಬೇಗ ಭಯ ಹೋಗುವುದಿಲ್ಲ, ಏನು ಮಾಡುವುದು.

ಇವತ್ತು ಸಂಜೆ ದುರುಗಪ್ಪ ಬೀಗರೂ ಬೀಗಿತಿಯೂ ದೇವದುರ್ಗದಿಂದ ಬಂದಿಳಿದರು. ಹುಲಿಗೆಮ್ಮ ಮಧ್ಯಾಹ್ನದಿಂದ ಒಲೆಯ ಮುಂದೆ. ಜೋಳದ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ, ಹೋಳಿಗೆ, ಬಾಣಂತಿಗೆ ಬೆಳ್ಳುಳ್ಳಿ ಹಾಕಿದ ಬಿಸಿ ಅನ್ನ. ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕುಳಿತೆವು. ಶಾಂತವ್ವನಿಗೂ ಗೋಡೆಗೆ ಒರಗಿಸಿ ನಮ್ಮ ನಡುವೆಯೇ ಜಾಗ ಮಾಡಿದ್ದರು. ಅವಳು ಉಣ್ಣಬೇಕೆಂದು ಬೀಗಿತಿ ಕೂಸನ್ನು ಎತ್ತಿಕೊಂಡು, ಯಾರನ್ನೂ ಕೇಳದೆ ನೇರವಾಗಿ ಕಾಕಾನ ಮುಂದೆ ಬಗ್ಗಿದಳು.

"ಹಿಡೀರಿ ಯಪ್ಪಾ."

"ನಾ ಬ್ಯಾಡವ್ವ" ಎಂದ ಕಾಕಾ, ಎರಡೂ ಕೈ ಹಿಂದೆ ಒಯ್ದು. "ಬ್ಯಾರೆ ಯಾರರ ಹಿಡೀಲಿ."

"ನೀವು ಹೋಗಿ ನೋಡಿದ್ದಕ್ಕ ಹುಟ್ಟಿದ ಕೂಸು ಇದು. ನೀವು ಹಿಡೀದಿದ್ರ ನಾ ಉಣ್ಣಂಗಿಲ್ಲ ನೋಡ್ರಿ" ಎಂದಳು ಬೀಗಿತಿ.

ಯಾರೂ ತುತ್ತು ಎತ್ತಲಿಲ್ಲ. ಕಾಕಾ ತನ್ನ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ, ಮತ್ತೊಮ್ಮೆ ಒರೆಸಿಕೊಂಡ. ಕಡೆಗೆ ಎಡಗೈ ಮುಂದೆ ಮಾಡಿದ. ಕೂಸು ಮೊಣಕೈಯಿಂದ ಅಂಗೈವರೆಗೆ ಸರಿಯಾಗಿ ಹಿಡಿಸಿತು, ಒಮ್ಮೆ ಆಕಳಿಸಿ ಮಲಗಿಬಿಟ್ಟಿತು.

ಆಮೇಲೆ ಊಟ ಶುರುವಾಯಿತು. ದುರುಗಪ್ಪ ಬೀಗರು ಹೋಳಿಗೆಯನ್ನು ಹೊಗಳಿದರು, ಮಲ್ಲೇಶಿ ಕೂಸಿನ ಮೂಗು ತನ್ನದೆಂದ, ಹುಲಿಗೆಮ್ಮ ಅದು ನನ್ನ ಮೂಗೆಂದೂ ಪಾಪ ಹೆಣ್ಣುಮಗುವಿಗೆ ಹೀಗಾಗಬಾರದಿತ್ತೆಂದೂ ಹೇಳಿ ಎಲ್ಲರನ್ನೂ ನಗಿಸಿದಳು. ಶಾಂತವ್ವ ಉಂಡು ಕೈ ತೊಳೆದು, "ಕೊಡು ಮುತ್ಯಾ, ಈಗ ನೀ ಉಣ್ಣು" ಎಂದು ಕೈ ಚಾಚಿದಳು. ಕಾಕಾ ಕೊಡಲಿಲ್ಲ. ಎಡಗೈಯಲ್ಲಿ ಮರಿಮೊಮ್ಮಗಳನ್ನು ಇಟ್ಟುಕೊಂಡೇ ಬಲಗೈಯಿಂದ ರೊಟ್ಟಿ ಮುರಿದ.

"ಪಲ್ಲೆ ಹಾಕವ್ವ ಹುಲಿಗೆಮ್ಮಾ" ಎಂದ. "ಸಪ್ಪಳ ಮಾಡಬ್ಯಾಡ. ಕೂಸು ಮಲಗ್ಯದ."