ಸೆಲೀನ್ ಎತ್ತಿದ ಕೈ

ಸೆಲೀನಳನ್ನು ನಾನು ಮೊದಲು ಕಂಡ ದಿನ ನಮ್ಮ ಅಂಗಳದಲ್ಲಿ ಹಾಸು ಎಳೆದಿತ್ತು. ಸೀರೆಯ ಉದ್ದಕ್ಕೆ ಹೋಗುವ ನೂಲಿಗೆ ನಾವು ಹಾಸು ಎನ್ನುತ್ತೇವೆ. ಮಗ್ಗಕ್ಕೆ ಏರಿಸುವ ಮೊದಲು ಅದನ್ನು ಅಂಗಳದ ಈ ತುದಿಯಿಂದ ಆ ತುದಿಗೆ ಬಿಗಿಯಾಗಿ ಎಳೆದು, ಅಕ್ಕಿಯ ಗಂಜಿ ಹಚ್ಚಿ, ಕುಂಚದಿಂದ ಬಾಚಿ ಒಣಗಿಸಬೇಕು. ಗಂಜಿ ಹಚ್ಚಿದ ಮೇಲೆ ಒಣಗುವವರೆಗೆ ಯಾರೂ ಕೈ ಬಿಡುವ ಹಾಗಿಲ್ಲ. ಹಾಸು ಜೋತು ಬಿದ್ದರೆ ಎಳೆಗೆ ಎಳೆ ಅಂಟಿ ಎಲ್ಲ ಹಾಳು.

ಅದು ಎಪ್ಪತ್ತೆರಡನೇ ಇಸವಿ. ಕಾಪುವಿನಿಂದ ಉಚ್ಚಿಲಕ್ಕೆ ಹೋಗುವ ದಾರಿಯಿಂದ ಸ್ವಲ್ಪ ಒಳಗೆ ನಮ್ಮ ಕೇರಿ. ಆ ಬೆಳಿಗ್ಗೆ ಗಂಜಿ ಹಚ್ಚಿದ್ದಷ್ಟೇ, ಆಚೆ ತುದಿಯ ಗೂಟ ಕಿತ್ತು ಬಂತು. ನಮ್ಮ ಮನೆಯವರು ಮಧ್ಯದಲ್ಲಿ ಕುಂಚ ಹಿಡಿದಿದ್ದರು, ನಾನು ಈಚೆ ತುದಿಯಲ್ಲಿದ್ದೆ. ಕೂಗುವಷ್ಟರಲ್ಲಿ ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ತಲೆಯ ಮೇಲಿನ ಗಂಟನ್ನು ಬೇಲಿಯ ಬುಡಕ್ಕೆ ಎಸೆದು, ಓಡಿ ಬಂದು, ಹಾಸಿನ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ವಾಲಿ ನಿಂತಳು. ನೂಲು ಒಣಗುವವರೆಗೂ ಹಾಗೆಯೇ ನಿಂತಿದ್ದಳು. ಹೆಸರು ಹೇಳುವ ಮೊದಲು ಅವಳು ಮಾತಾಡಿದ್ದು ಗಂಜಿಯ ವಿಷಯ.

"ಈ ಗಂಜಿ ಯಾರಿಗೆ ಅಕ್ಕ, ನೂಲಿಗಾ ಜ್ವರ ಬಂದವರಿಗಾ? ಎಷ್ಟು ನೀರು!"

"ನಿಮ್ಮ ಊರಲ್ಲಿ ಗಂಜಿ ಹೇಗೆ ಮಾರಾಯ್ತಿ, ಕತ್ತಿಯಲ್ಲಿ ಕೊಯ್ಯುವುದಾ?" ಎಂದೆ. ನಮ್ಮವರು ಕುಂಚ ಹಿಡಿದುಕೊಂಡೇ ನಕ್ಕರು.

ಅವಳು ಎಸೆದ ಗಂಟಿನಲ್ಲಿ ಅವರ ಮನೆಯ ಮಗ್ಗದ ಹಣಿಗೆ ಇತ್ತು, ಹಾಸಿನ ಎಳೆಗಳು ದಾಟಿ ಬರುವ ಬಾಚಣಿಗೆ. ಅದರ ಎರಡು ಹಲ್ಲು ಬಾಗಿದ್ದವು. ಅದನ್ನು ಅವಳು ನಮಗೆ ಹೇಳಲಿಲ್ಲ, ಆಮೇಲೆ ನಾನೇ ನೋಡಿದ್ದು.

ಅವಳ ಗಂಡನ ಹೆಸರು ಕಜೆಟನ್. ಕಾರ್ಕಳದ ಕಡೆ ನೂಲು ಸಿಗುವುದು ನಿಂತಿತೆಂದು ನಮ್ಮ ನೇಕಾರರ ಸಂಘಕ್ಕೆ ಸೇರಲು ಬಂದವರು ನಮ್ಮ ಮನೆಯ ಹಿಂದೆಯೇ ಬಿಡಾರ ಮಾಡಿದರು. ಮನೆಯೊಳಗೆ ಕೊಂಕಣಿ, ನಮ್ಮ ಜೊತೆ ತುಳು. ಕಜೆಟನ್‌ಗೆ ಎದೆ ಸರಿ ಇರಲಿಲ್ಲ, ಹಾಗಾಗಿ ಕಾಲಿಳಿಸಿ ಕುಳಿತು ನೇಯುವ ಮಗ್ಗದ ಗುಂಡಿಗೆ ಸೆಲೀನಳೇ ಇಳಿಯುತ್ತಿದ್ದಳು, ಸಂಘದಲ್ಲೂ ಅವಳದೇ ಹೆಸರು. ಅವಳು ನೇಯ್ದ ಸೀರೆಯ ಅಂಚು ನೂಲು ಹಿಡಿದು ಗೆರೆ ಎಳೆದ ಹಾಗೆ ಇರುತ್ತಿತ್ತು. ಇರುವ ಒಬ್ಬಳೇ ಮಗಳು ಲೊರ್ನಾ ಶಾಲೆಯಿಂದ ಬಂದವಳು ಲಾಳಿಯ ಒಳಗೆ ಇಡುವ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಿದ್ದಳು.

ಸೆಲೀನಳಿಗೆ ಒಂದು ಅಭ್ಯಾಸ ಇತ್ತು. ಯಾವುದನ್ನೂ ಒಂದನ್ನೇ ನೋಡಿ ಒಳ್ಳೆಯದು ಎನ್ನುವವಳಲ್ಲ. ಒಮ್ಮೆ ಉಡುಪಿಗೆ ನನ್ನ ಜೊತೆ ಕೊಡೆ ತೆಗೆದುಕೊಳ್ಳಲು ಬಂದವಳು ಎರಡು ಅಂಗಡಿಯ ಎರಡು ಕೊಡೆಗಳನ್ನು ಒಂದೇ ಬಿಸಿಲಲ್ಲಿ ಬಿಡಿಸಿ ಹಿಡಿದು ನೋಡಿದಳು. ಒಂದು ಅಂಗಡಿಯವನು, "ಬಾಯಮ್ಮ, ಮದುವೆಗೆ ಗಂಡು ನೋಡುವುದಾ?" ಎಂದ. "ಗಂಡನ್ನು ನೋಡದೆ ಮದುವೆಯಾದೆ, ಕೊಡೆಯನ್ನಾದರೂ ನೋಡುತ್ತೇನೆ," ಎಂದಳು.

ಎಪ್ಪತ್ತೇಳರಲ್ಲಿ ನಮ್ಮವರು ತೀರಿಕೊಂಡರು. ಸಂಘದಲ್ಲಿ ಅವರ ಹೆಸರಿದ್ದಲ್ಲಿ ನನ್ನ ಹೆಸರು ಬಂತು. ನನಗೆ ನೇಯಲು ಬರುತ್ತಿತ್ತು, ಆದರೆ ಬಾವಿಕಟ್ಟೆಯಲ್ಲಿ ಬಿದ್ದ ಮೇಲೆ ಬಲ ಮೊಣಕಾಲು ಮಡಚುತ್ತಿರಲಿಲ್ಲ. ಗುಂಡಿಯಲ್ಲಿ ಕಾಲಿಳಿಸಿ ತುಳಿಯಲು ಆಗುತ್ತಿರಲಿಲ್ಲ. ಪಕ್ಕದ ಕೇರಿಯ ವಿಠಲನನ್ನು ಕೂರಿಸಿ ನೇಯಿಸುತ್ತಿದ್ದೆ. ಮಗ್ಗ ನನ್ನದು, ನೂಲು ನನ್ನ ಹೆಸರಿಗೆ ಬರುತ್ತಿತ್ತು, ಸೀರೆ ನನ್ನ ಹೆಸರಿನಲ್ಲಿ ಹೋಗುತ್ತಿತ್ತು. ನನ್ನ ಹಾಗೆಯೇ ಇನ್ನೂ ಕೆಲವು ವಿಧವೆಯರು ಇದ್ದರು. ಎದುರು ಮನೆಯ ಮನೋರಮಾ ಅವರಲ್ಲಿ ಒಬ್ಬಳು.

ಎಪ್ಪತ್ತೊಂಬತ್ತರಲ್ಲಿ ಸಂಘದ ಅಧ್ಯಕ್ಷರ ಚುನಾವಣೆ ಬಂತು. ಆಗಲೇ ಒಂದು ಸುದ್ದಿ ಓಡಾಡುತ್ತಿತ್ತು, ತಾವೇ ಕುಳಿತು ನೇಯದವರ ಹೆಸರನ್ನು ಸಂಘದಿಂದ ತೆಗೆಯುತ್ತಾರೆ ಎಂದು. ಹೆಸರು ಹೋದರೆ ನೂಲಿಲ್ಲ, ನೂಲಿಲ್ಲದಿದ್ದರೆ ಮಗ್ಗ ಬರೀ ಮರ.

ನಮ್ಮಲ್ಲಿ ಸದಸ್ಯರು ಅಧ್ಯಕ್ಷರನ್ನು ನೇರವಾಗಿ ಆರಿಸುವುದಲ್ಲ. ಸದಸ್ಯರು ಏಳು ಮಂದಿ ನಿರ್ದೇಶಕರನ್ನು ಆರಿಸುತ್ತಾರೆ. ಆ ಏಳು ಮಂದಿ ಕೋಣೆಯಲ್ಲಿ ಕುಳಿತು, ಕೈ ಎತ್ತಿ, ತಮ್ಮಲ್ಲೇ ಒಬ್ಬರನ್ನು ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಆ ಸಲ ಹೊರಟವರು ಇಬ್ಬರು. ಒಬ್ಬರು ಜನಾರ್ದನ ಶೆಟ್ಟಿಗಾರರು, ಹಳಬರು, ಎಲ್ಲರ ಮದುವೆಯಲ್ಲೂ ಸತ್ತವರ ಬೊಜ್ಜದಲ್ಲೂ ಮುಂದೆ ನಿಲ್ಲುವವರು. ಇನ್ನೊಬ್ಬರು ಹೃಷೀಕೇಶ, ಕನ್ನಡಕ ಹಾಕಿದ, ಕಾಲೇಜು ಓದಿದ ಯುವಕರು. ಅವರವರ ಕೈಯೂ ಸೇರಿ ಇಬ್ಬರಿಗೂ ಮೂರು ಮೂರು ಕೈ ಗಟ್ಟಿ ಎಂದು ಊರಿಗೆಲ್ಲ ಗೊತ್ತಿತ್ತು. ಏಳನೆಯ ನಿರ್ದೇಶಕರು ಯಾರೋ ಅವರು ಹೇಳಿದವರೇ ಅಧ್ಯಕ್ಷರು.

"ಏಳನೆಯದಕ್ಕೆ ನಾನು ನಿಲ್ಲುತ್ತೇನೆ," ಎಂದು ಸೆಲೀನ್ ನಮ್ಮ ವಿಧವೆಯರ ಹತ್ತಿರ ಹೇಳಿದಳು. "ಇಬ್ಬರನ್ನೂ ನಿಮ್ಮ ಎದುರೇ ಕೇಳುತ್ತೇನೆ, ಒಂದೇ ಪ್ರಶ್ನೆ. ಕೇಳಿದ ಮೇಲೆ ನೀವು ಯಾರಿಗೆ ಅಂತೀರೋ ಅವರಿಗೆ ಕೈ ಎತ್ತುತ್ತೇನೆ."

ಮತ ಕೇಳಲು ಬರುವವರು ಹಾಸು ಎಳೆದ ದಿನವೇ ಬರುತ್ತಿದ್ದರು. ಎಲ್ಲರೂ ಅಂಗಳದಲ್ಲೇ ಇರುತ್ತೇವೆ, ಕೈ ಬಿಟ್ಟು ಒಳಗೆ ಹೋಗುವ ಹಾಗಿಲ್ಲ. ಸೆಲೀನ್ ಅದನ್ನು ತಿರುಗಿಸಿದಳು. ಜನಾರ್ದನರು ಕೈ ಮುಗಿಯುತ್ತಾ ಬಂದಾಗ, "ಅಣ್ಣ, ಕಟ್ಟು ಸಡಿಲವಾಯಿತು, ಒಮ್ಮೆ ಹಿಡಿಯಿರಿ," ಎಂದು ಹಾಸಿನ ಕೋಲನ್ನು ಅವರ ಕೈಗೆ ಕೊಟ್ಟಳು. ಗಂಜಿ ಹಸಿ ಇತ್ತು. ನೇಕಾರರ ಮಗ, ಬಿಡುವುದು ಹೇಗೆ?

"ಈಗ ಹೇಳಿ. ತಾನೇ ನೇಯದ ವಿಧವೆಯ ಹೆಸರು ನೀವು ಬಂದರೆ ಉಳಿಯುತ್ತದಾ, ಹೋಗುತ್ತದಾ?"

"ಉಳಿಯುತ್ತದೆ, ಉಳಿಯದೆ ಎಂತ! ನೀವೆಲ್ಲ ನನ್ನ ಅಮ್ಮಂದಿರಲ್ವಾ?"

"ಹೋದ ಚುನಾವಣೆಯ ಮೇಲೆ ಈ ಅಮ್ಮನ ಮನೆಗೆ ಬಂದದ್ದು ಇವತ್ತೇ ಮಗನೇ," ಎಂದಳು ಮನೋರಮಾ. ಅವರೂ ನಕ್ಕರು. ಆದರೆ ಹಾಸು ಹಿಡಿದು ಹೇಳಿದ ಮಾತು. ನಮ್ಮಲ್ಲಿ ಯಾರೂ ಹಾಸು ಹಿಡಿದು ಸುಳ್ಳು ಹೇಳುವುದಿಲ್ಲ ಎಂದು ನಾವು ನಂಬಿದ್ದೆವು.

ಮುಂದಿನ ಸಲ ಹಾಸು ಎಳೆದ ದಿನ ಹೃಷೀಕೇಶರು ಬಂದರು. ಅವರಿಗೂ ಕೋಲು ಕೊಟ್ಟಳು, ಅದೇ ಪ್ರಶ್ನೆ ಕೇಳಿದಳು. ಬೆವರಿಗೆ ಕನ್ನಡಕ ಮೂಗಿನ ತುದಿಗೆ ಜಾರಿತು, ಸರಿ ಮಾಡಲು ಅವರಿಗೆ ಕೈ ಇರಲಿಲ್ಲ.

"ಹೋಗುತ್ತದೆ," ಎಂದರು. "ಸುಳ್ಳು ಯಾಕೆ ಹೇಳಲಿ? ಬರುವ ನೂಲೇ ಕಡಿಮೆ. ನೇಯುವವನಿಗೆ ಸಾಲದು. ನೀವು ಕಂಡಿಕೆ ಸುತ್ತಿ, ಸಂಘದಿಂದಲೇ ಕೂಲಿ ಕೊಡಿಸುತ್ತೇನೆ."

"ಮಗ್ಗ ಇರುವವಳು ಇನ್ನೊಬ್ಬರ ಮಗ್ಗಕ್ಕೆ ಕಂಡಿಕೆ ಸುತ್ತುವುದಾ?" ಎಂದೆ ನಾನು. ಸೆಲೀನ್ ಮುಂದೆ ಬಂದು ಅವರ ಕನ್ನಡಕವನ್ನು ಒಂದು ಬೆರಳಿನಿಂದ ಮೇಲೆ ದೂಡಿದಳು. ಎಲ್ಲರೂ ನಕ್ಕರು.

ಬೆಳ್ಮಣ್ಣಿನಲ್ಲೂ ನಮ್ಮ ಸಂಘದ ಮಗ್ಗಗಳಿದ್ದವು. ಆಮೇಲಿನ ಭಾನುವಾರ ಸೆಲೀನ್ ಅಲ್ಲಿಗೆ ಹೋಗಿ ಬಂದಳು. "ಎಂತ ಸುದ್ದಿ?" ಎಂದು ಕೇಳಿದೆ. "ಮೀನು ತುಟ್ಟಿ," ಎಂದಳು.

ನಾವು ಹೆಂಗಸರು ನಮ್ಮ ಅಂಗಳದಲ್ಲೇ ಸೇರಿ ಜನಾರ್ದನರಿಗೆ ಎಂದು ನಿಶ್ಚಯ ಮಾಡಿದೆವು. ಇಬ್ಬರನ್ನೂ ಒಂದೇ ಬೆಳಕಿನಲ್ಲಿ ನೋಡಿದ್ದೆವಲ್ಲ. "ನಿನಗೆ ಎಂತ ಕಾಣುತ್ತದೆ ಸೆಲೀನ್?" ಎಂದು ಕೇಳಿದೆ. ಅವಳು ಹಾಸಿನ ಕೋಲು ಹಿಡಿದಿದ್ದಳು. "ನಿಮ್ಮ ಮಾತೇ ನನ್ನ ಮಾತು ವೇದಕ್ಕ," ಎಂದಳು. ನಾನು ಮನೆ ಮನೆಗೆ ಕುಂಟುತ್ತಾ ಹೋಗಿ ಅವಳಿಗೆ ಮತ ಕೇಳಿದೆ. ಅವಳು ಗೆದ್ದಳು.

ಅಧ್ಯಕ್ಷರನ್ನು ಆರಿಸುವ ದಿನ ನಾನೂ ಮನೋರಮಾಳೂ ಸಂಘದ ಜಗಲಿಯಲ್ಲಿ, ಕಿಟಕಿಯ ಹತ್ತಿರ ಕುಳಿತಿದ್ದೆವು. ಹಾಗಾಗಿ ಇದನ್ನು ನಾನು ಯಾರಿಂದಲೂ ಕೇಳಿ ಬರೆಯುತ್ತಿಲ್ಲ. ಉಡುಪಿಯಿಂದ ಬಂದ ಅಧಿಕಾರಿ ಮೊದಲು ಜನಾರ್ದನರ ಹೆಸರು ಹೇಳಿದರು. ಮೂರು ಕೈ ಎದ್ದವು. ಸೆಲೀನಳ ಕೈ ಮಡಿಲಲ್ಲಿತ್ತು. "ಕೇಳಿಸಲಿಲ್ಲವೋ ಎಂತದೋ," ಎಂದಳು ಮನೋರಮಾ. ಆಮೇಲೆ ಹೃಷೀಕೇಶರ ಹೆಸರು ಹೇಳಿದರು. ಅವಳು ಕೈ ಎತ್ತಿದಳು. ಅಂಜಿಕೊಂಡು ಅರ್ಧ ಎತ್ತಿದ್ದಲ್ಲ, ಪೂರ್ತಿ ಎತ್ತಿದಳು, ರವಿಕೆಯ ತೋಳು ಜಾರುವಷ್ಟು. ಅಧಿಕಾರಿ "ನಾಲ್ಕು" ಎಂದರು.

ಹೊರಗೆ ಬಂದವಳನ್ನು ಮೆಟ್ಟಿಲಲ್ಲೇ ನಿಲ್ಲಿಸಿದೆ.

"ಇದು ಎಂತ ಮಾಡಿದ್ದು?"

"ಜನಾರ್ದನಣ್ಣ ಸುಳ್ಳು ಹೇಳಿದ್ದು ಅಕ್ಕ. ಬೆಳ್ಮಣ್ಣಿನಲ್ಲಿ ಗಂಡಸರ ಹತ್ತಿರ ಬೇರೆಯೇ ಹೇಳಿದ್ದಾರೆ. ನಿಮ್ಮ ಹೆಸರು ಅವರೂ ತೆಗೆಯುವವರೇ."

"ನಿನಗೆ ಯಾವಾಗ ಗೊತ್ತಾಯಿತು?"

"ಆ ಭಾನುವಾರ."

"ಮತ್ತೆ ನಮಗೆ ಯಾಕೆ ಹೇಳಲಿಲ್ಲ?"

"ಹೇಳಿದ್ದರೆ ನನಗೆ ಓಟು ಹಾಕುತ್ತಿದ್ದಿರಾ?" ಎಂದಳು.

"ಆಯಿತು ಬಾಯಿ, ನೀವು ಮನೆಗೆ ಹೋಗಿ," ಎಂದೆ. ಅಷ್ಟು ವರ್ಷದಲ್ಲಿ ಅವಳನ್ನು, ಗುರುತಿಲ್ಲದ ಕ್ರಿಸ್ತಿಯನ್ ಹೆಂಗಸರನ್ನು ಕರೆಯುವ ಹಾಗೆ, ಬಾಯಿ ಎಂದು ಕರೆದದ್ದು, ನೀವು ಎಂದದ್ದು ಅದೇ ಮೊದಲು.

ನಾನು ಮರುದಿನವೇ ಬೆಳ್ಮಣ್ಣಿನ ಬಸ್ಸು ಹತ್ತಿದೆ. ಅಲ್ಲಿ ಸ್ಟ್ಯಾನಿಸ್ಲಾಸ್ ಎಂಬ ನೇಕಾರರು, ನಮ್ಮವರ ಗುರುತಿನವರು. "ಹೌದು, ಜನಾರ್ದನಣ್ಣ ಬಂದಿದ್ದರು," ಎಂದರು. "'ಹೆಂಗಸರಿಗೆ ಹೂಂ ಅಂದಿದ್ದೇನೆ, ಗೆದ್ದ ಮೇಲೆ ಆ ನೂಲು ನಿಮಗೇ' ಅಂದರು. ಸೆಲೀನ್ ಬಾಯಿಗೂ ನಾನೇ ಹೇಳಿದ್ದಲ್ವಾ?"

ಅಂದರೆ ಅವಳು ಹೇಳಿದ್ದು ನಿಜ. ಸುಳ್ಳಾಗಿದ್ದರೇ ಒಳ್ಳೆಯದಿತ್ತು ಎಂದು ಬಸ್ಸಿನಲ್ಲಿ ಕುಳಿತು ಯೋಚಿಸಿದೆ. ಜನಾರ್ದನರ ಮೋಸ ಗೊತ್ತಿದ್ದರೆ ಆ ಏಳನೆಯ ಕೈಯನ್ನು ನಾವು ಸುಮ್ಮನೆ ಕೊಡುತ್ತಿರಲಿಲ್ಲ. ನಮ್ಮ ಹೆಸರು ಉಳಿಸಿದರೆ ಮಾತ್ರ ಈ ಕೈ ಎಂದು ಇಬ್ಬರ ಹತ್ತಿರವೂ ಪಟ್ಟು ಹಿಡಿಯಬಹುದಿತ್ತು. ನಮ್ಮ ಹತ್ತಿರ ಇದ್ದದ್ದು ಅದೊಂದೇ. ಅದನ್ನು ಅವಳು ನಮ್ಮಿಂದಲೇ ತೆಗೆದುಕೊಂಡು, ನಮಗೆ ತಿಳಿಯದ ಹಾಗೆ ತನಗೆ ಸರಿ ಕಂಡಲ್ಲಿ ಕೊಟ್ಟಳು. ಜನಾರ್ದನರು ಹಾಸು ಹಿಡಿದು ಸುಳ್ಳು ಹೇಳಿದರು. ಅವರು ಮತ ಕೇಳಲು ಬಂದವರು. ಇವಳು ನಮ್ಮವಳಾಗಿದ್ದಳು.

ಹೃಷೀಕೇಶರು ಹೇಳಿದ ಹಾಗೆಯೇ ಮಾಡಿದರು. ನೂಲು ಹಂಚುವಾಗ ನನ್ನ ಹೆಸರು ಕೂಗಲಿಲ್ಲ. ಕಂಡಿಕೆ ಸುತ್ತಲು ಬನ್ನಿ ಎಂದು ಜನ ಕಳಿಸಿದರು, ನಾನು ಹೋಗಲಿಲ್ಲ. ವಿಠಲ ಸಂಘದವರೇ ಹಾಕಿದ ಹೊಸ ಮಗ್ಗಕ್ಕೆ ಹೋದ. ನಾನು ಮಗ್ಗ ಬಿಚ್ಚಿಸಿ, ಗುಂಡಿಗೆ ಮಣ್ಣು ತುಂಬಿಸಿ, ಸೆಗಣಿ ಸಾರಿಸಿದೆ. ಪ್ರತಿ ಮಳೆಗಾಲ ಆ ಜಾಗ ಸ್ವಲ್ಪ ತಗ್ಗುತ್ತದೆ, ಮತ್ತೆ ಮಣ್ಣು ಹಾಕುತ್ತೇನೆ. ಮಲ್ಲಿಗೆ ಕಟ್ಟಿ ಜೀವನ ಮಾಡಿದೆ.

ಆ ದೀಪಾವಳಿಗೆ ಸಂಘದವರು ಮಣಿಪಾಲದಲ್ಲಿ ಸೀರೆ ಅಂಗಡಿ ತೆರೆದರು. ಡಾಕ್ಟರಿಗೆ ಕಾಲು ತೋರಿಸಲು ಅಲ್ಲಿಗೆ ಹೋಗಿದ್ದವಳು ಅಂಗಡಿಯ ಒಳಗೆ ಇಣುಕಿದರೆ, ಮೇಜಿನ ಹಿಂದೆ ಲೊರ್ನಾ. ಒಳ್ಳೆಯ ಹುಡುಗಿ. ಎದ್ದು ಬಂದು ನನಗೆ ಕೂರಲು ಸ್ಟೂಲು ಕೊಟ್ಟಳು. ಈ ಕೆಲಸದ ಮಾತು ಅವಳ ತಾಯಿ ಕೈ ಎತ್ತುವ ಮೊದಲು ಆದದ್ದೋ, ಆಮೇಲೆ ಆದದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತುಂಟು ಎಂದು ಬರೆಯಲಾರೆ. ನೀರು ಕುಡಿದು ಬಂದೆ.

ಮತ್ತೆ ಆರು ವರ್ಷ ನಾವು ಮಾತಾಡಲಿಲ್ಲ. ಅವಳ ಮಗ್ಗದ ಸದ್ದು ನಮ್ಮ ಅಡುಗೆಕೋಣೆಗೆ ಕೇಳುತ್ತಿತ್ತು. ಲೊರ್ನಾಳ ಮದುವೆಗೆ ಹೇಳಿಕೆ ಬಂತು, ಹೋಗಲಿಲ್ಲ. ಕಜೆಟನ್ ತೀರಿಕೊಂಡಾಗ ಹೋಗಿ ಅಂಗಳದಲ್ಲಿ ನಿಂತು ಬಂದೆ. ಅವಳೂ ವಿಧವೆಯಾದಳು, ಆದರೆ ತಾನೇ ನೇಯುವವಳು, ಅವಳ ಹೆಸರು ಸಂಘದಲ್ಲಿ ಉಳಿಯಿತು.

ಎಂಬತ್ತೈದರ ಮಳೆಗಾಲ ಮುಗಿಯುವ ಮೊದಲು ಸೆಲೀನ್ ತೀರಿಕೊಂಡಳು. ಅದರ ಹಿಂದಿನ ತಿಂಗಳು ಒಂದು ಮಧ್ಯಾಹ್ನ ಅವಳು ನಮ್ಮ ಮನೆಗೆ ಬಂದಿದ್ದಳು. ತುಂಬಾ ಸೋತಿದ್ದಳು. ಕೂರಲು ಹೇಳದಿದ್ದರೂ ಒಳಗೆ ಬಂದಳು. ಮುಚ್ಚಿದ ಗುಂಡಿಯ ಮೇಲೆ ಕಾಲಿಡದೆ ಬಳಸಿ ನಡೆದು, ಗೋಡೆಗೆ ಒರಗಿ ಕುಳಿತಳು.

"ಎಂತ ಬೇಕಿತ್ತು ಬಾಯಿ?"

"ಬಾಯಿ ಅನ್ನಬೇಡಿ ವೇದಕ್ಕ."

ನಾನು ಮಲ್ಲಿಗೆ ಕಟ್ಟುತ್ತಾ ಇದ್ದೆ.

"ಮಗ್ಗದಲ್ಲಿ ಒಂದು ಸೀರೆ ಅರ್ಧ ಆಗಿದೆ," ಎಂದಳು. "ಲೊರ್ನಾ ದೂರ ಹೋದಳು. ಕಜೆಟನ್ ಇರುವಾಗ ಅವರಾದರೂ ನೂಲು ಸುತ್ತುತ್ತಿದ್ದರು. ಈಗ ಸುತ್ತಿ, ಗುಂಡಿಗೆ ಇಳಿದು, ಪುನಃ ಹತ್ತಿ, ನನಗೆ ಆಗುವುದಿಲ್ಲ. ಸಂಘದಿಂದ ಬರುವ ಹೆಂಗಸಿನ ಕೈ ಸಡಿಲ, ನೂಲು ತುಂಡಾಗುತ್ತದೆ."

ಅವಳು ಮಲ್ಲಿಗೆಯ ದಾರ ಬಿಗಿಯುವ ನನ್ನ ಕೈಯನ್ನೇ ನೋಡುತ್ತಿದ್ದಳು.

"ನೀವು ಬಂದು ನನಗೆ ಕಂಡಿಕೆ ಸುತ್ತಿ ಕೊಡುತ್ತೀರಾ?" ಎಂದು ಕೇಳಿದಳು.