ಭದ್ರಮ್ಮ ಕಡಿಯದ ಕೈ

ಭದ್ರಮ್ಮನನ್ನು ಗಂಡನ ಕೈ ಕಡಿದವಳು ಅಂತ ಆಡಿಕೊಳ್ಳುವವರ ನಾಲಿಗೆ ಸೇದಿಹೋಗಲಿ. ಕಡಿದದ್ದು ನಿಜ. ಕಡಿಯದೆ ಹೋಗಿದ್ದರೆ ಚಲುವರಾಜು ಅವತ್ತೇ ಹೆಣವಾಗುತ್ತಿದ್ದ. ಕೆ.ಆರ್. ನಗರದ ಹತ್ತಿರದ ಆ ಆಲೆಮನೆಯಲ್ಲಿ ನಾನೂ ಹೆಣ್ಣಾಳಾಗಿ ಕೂಲಿಗಿದ್ದೆ, ಕಣ್ಣಾರೆ ಕಂಡಿದ್ದೇನೆ. ಗಾಣದ ರೋಲರಿಗೆ ಕೈ ಸಿಕ್ಕಿದರೆ ಎಂಜಿನ್ನು ನಿಲ್ಲುವಷ್ಟರಲ್ಲಿ ಆಳೇ ಒಳಗೆ ಹೋಗುತ್ತಾನೆ. ಅದಕ್ಕೇ ಕಬ್ಬು ಕೊಡುವವನ ಪಕ್ಕದಲ್ಲಿ ಮಸೆದ ಮಚ್ಚೊಂದು ಸದಾ ಇರುತ್ತಿತ್ತು. ತೊಂಬತ್ತಾರನೇ ಇಸವಿಯಲ್ಲಿ ಚಲುವರಾಜುವಿನ ಬಲಗೈ ಸಿಕ್ಕಿತು. ಗಂಡಸರೆಲ್ಲ ಬರೀ ಕೂಗಾಡುತ್ತ ನಿಂತರು, ಥೂ! ಸಿಪ್ಪೆ ಹೊರುತ್ತಿದ್ದ ಭದ್ರಮ್ಮ ಬುಟ್ಟಿ ಬಿಸಾಕಿ ಓಡಿಬಂದು ಗಂಡನ ಮೊಣಕೈ ಕೆಳಗೆ ಮಚ್ಚು ಬೀಸಿದಳು. ಒಂದೇ ಏಟಿಗೆ ಆಗಲಿಲ್ಲ. ರಕ್ತವೆಲ್ಲ ಕಬ್ಬಿನ ಹಾಲಿಗೆ ಹರಿಯಿತು.

ಹುಣಸೂರಿನ ಶಿಬಿರವೊಂದರಲ್ಲಿ ಚಲುವರಾಜುವಿಗೆ ಪ್ಲಾಸ್ಟಿಕ್ ಕೈ ಕೊಟ್ಟರು. "ಬೊಂಬೆ ಕೈ ಯಾವನಿಗೆ ಬೇಕು?" ಅಂತ ಅದನ್ನು ಒಲೆಗೆಸೆದ. ಕುಲುಮೆಯ ಸಿದ್ದಾಚಾರಿ ಲಾರಿಯ ಸ್ಪ್ರಿಂಗ್ ಪಟ್ಟಾ ಕಾಯಿಸಿ ಬಡಿದು, ಮೊಣಕೈ ಮೋಟಿಗೆ ತೊಗಲಿನ ಪಟ್ಟಿಯಲ್ಲಿ ಬಿಗಿಯುವಂಥ ಕಬ್ಬಿಣದ ಕೈ ಮಾಡಿಕೊಟ್ಟ. ಹೆಗಲು ಅಲುಗಿಸಿದರೆ ಬೆರಳು ಕಚ್ಚಿಕೊಳ್ಳುತ್ತಿದ್ದವು. ಕುದಿಯುವ ಕೊಪ್ಪರಿಗೆಯ ಅಂಚನ್ನು ಚಲುವರಾಜು ಬಟ್ಟೆಯಿಲ್ಲದೆ ಹಿಡಿಯುತ್ತಿದ್ದ. ಕಾಲುವೆ ನೀರಿನ ಜಗಳದಲ್ಲಿ ಪಕ್ಕದೂರಿನವನ ದವಡೆಗೆ ಬೀಸಿದಾಗ ಅವನ ಹಲ್ಲು ಮಣ್ಣಿಗೆ ಉದುರಿದವು. ಅಲ್ಲಿಂದ ಚಲುವರಾಜುವನ್ನು ಹಿಡಿಯುವವರೇ ಇಲ್ಲ.

"ನೋವೇ ಆಗಕ್ಕಿಲ್ಲ ಕಣ್ರಲಾ. ದೇವ್ರು ಕೊಟ್ಟ ಕೈಗಿಂತ ಇದೇ ವಾಸಿ!" ಅನ್ನುತ್ತಿದ್ದ.

ಅದೇ ಜಗಳದಲ್ಲಿ ಅವನ ತಮ್ಮ ನಟರಾಜು ದೊಣ್ಣೆ ಏಟು ತಿಂದು ಬೆರಳು ಮುರಿಸಿಕೊಂಡಿದ್ದ. ತಾಯಿಯಿಲ್ಲದ ಅವನನ್ನು ಚಿಕ್ಕಂದಿನಿಂದ ಸಾಕಿದವಳು ಭದ್ರಮ್ಮನೇ.

"ಅತ್ಗೆ, ಈ ಮಾಂಸದ್ ಕೈ ಯಾವ್ ಸೀಮೇದು? ಸುಟ್ರೆ ಬೊಬ್ಬೆ, ಒಡುದ್ರೆ ಮುರೀತದೆ. ನಂಗೂ ಅಣ್ಣಂಗಿರೋ ಅಂಥದ್ದೇ ಬೇಕು. ಮುಂದ್ಕೆ ಎಲ್ರೂ ಇಂಗೇ ಮಾಡಿಸ್ಕತಾರೆ, ನೋಡ್ತಿರು," ಅಂದ.

ಬಚ್ಚಲಲ್ಲಿ ಪಟ್ಟಿ ಬಿಚ್ಚಿದಾಗ ಗಂಡನ ಮೋಟಿನಿಂದ ಕೀವು ರಕ್ತ ಸುರಿಯುವುದನ್ನು ದಿನಾ ತೊಳೆಯುವವಳು ಭದ್ರಮ್ಮನೇ.

"ನಿಮ್ ತಮ್ಮಂಗೆ ನಿಜ ಯೇಳ್ಬುಡಿ," ಅಂತ ಗಂಡನ ಕಾಲು ಹಿಡಿದಳು.

"ನೋಯ್ತದೆ ಅಂದ್ರೆ ನಾಳೆ ನಾಯಿನೂ ಮೂಸಕ್ಕಿಲ್ಲ ನನ್ನ. ಮುಚ್ಕೊಂಡಿರು!" ಅಂತ ಆ ಕಬ್ಬಿಣದಲ್ಲೇ ಅವಳ ಬೆನ್ನಿಗೆ ಬಾರಿಸಿದ. ಊದಿಕೊಂಡ ಬೆನ್ನು ನನಗೆ ತೋರಿಸಿ ಅತ್ತಳು. ತಾನೇ ನಟರಾಜುವಿಗೆ ಹೇಳಿ ನೋಡಿದಳು. "ನಿಂಗೆ ಪುಕ್ಲು ಬುಡತ್ಗೆ," ಅಂತ ನಕ್ಕ.

ಮರುವರ್ಷ ಆಲೆ ಶುರುವಾದಾಗ ನಟರಾಜು ಗಾಣಕ್ಕೆ ಕೂತ. ಭದ್ರಮ್ಮ ಹತ್ತಿರ ಬರುವುದನ್ನೇ ಕಾದು, ಬೇಕಂತಲೇ ಬಲಗೈಯನ್ನು ಒಳಗೆ ಕೊಟ್ಟ.

"ಕಡಿ ಅತ್ಗೆ! ಮೊಣಕೈ ತಾವ ಕಡಿ!" ಅಂತ ಚೀರಿದ.

ಮಚ್ಚನ್ನೇನೋ ಹಿಡಿದಳು. ಸೊಂಟದ ಮೇಲೆ ಹೊತ್ತು ಬೆಳೆಸಿದ ಕೂಸಲ್ಲವೇ, ಕೈ ಏಳಲಿಲ್ಲ. ಮಚ್ಚು ಬಿಸಾಕಿ ಎಂಜಿನ್ನಿನ ಕಡೆಗೆ ಓಡಿದಳು. ಅದು ನಿಲ್ಲುವುದರೊಳಗೆ ಹೆಗಲಿನ ಮೂಳೆ ಪುಡಿಯಾದ ಸದ್ದು ನನಗೆ ಕೇಳಿಸಿತು.

ಮೈಸೂರಿನ ಆಸ್ಪತ್ರೆಯಲ್ಲಿ ತೋಳನ್ನು ಬುಡದಿಂದಲೇ ತೆಗೆದರು. ಬದುಕಿ ಮನೆಗೆ ಬಂದವನು ಮೊದಲು ಕರೆಸಿದ್ದು ಸಿದ್ದಾಚಾರಿಯನ್ನು. ಆಚಾರಿ ಅಳತೆ ದಾರ ಹಿಡಿದು ಅವನ ಬೋಳು ಪಕ್ಕೆಯನ್ನೇ ನೋಡಿದ.

"ಬಿಗಿಯಕ್ಕೆ ಒಂದು ಮೋಟಾದ್ರೂ ಬೇಕಲ್ಲಪ್ಪಾ. ಎಲ್ಲಿಗ್ ಕಟ್ಲಿ?"

ನಟರಾಜು ಅತ್ತಿಗೆಯ ಕಡೆ ತಿರುಗಿದ. "ನೀನು ಕಡುದಿದ್ರೆ ಆಗ್ತಿತ್ತು. ನನ್ ಬಾಳ ಹಾಳ್ ಮಾಡ್ಬುಟ್ಟೆ!"

ಭದ್ರಮ್ಮ ಪಕ್ಕದಲ್ಲೇ ನಿಂತಿದ್ದ ಗಂಡನ ಅಂಗಿ ಹರಿದು ತೊಗಲಿನ ಪಟ್ಟಿಗೆ ಕೈ ಹಾಕಿದಳು. ಅವನು ಎಡಗೈಯಲ್ಲಿ ಅವಳ ಮುಖಕ್ಕೆ ಗುದ್ದಿದ. ಮೂಗಿನಲ್ಲಿ ರಕ್ತ ಇಳಿದರೂ ಬಿಡಲಿಲ್ಲ. ಕಬ್ಬಿಣ ದಬ್ಬನೆ ನೆಲಕ್ಕೆ ಬಿತ್ತು. ಮೋಟು ಹಸಿಹಸಿಯಾಗಿ, ಕೀವು ತುಂಬಿ ನಾರುತ್ತಿತ್ತು. ಚಲುವರಾಜು ಅದನ್ನು ಪಂಚೆಯಲ್ಲಿ ಮುಚ್ಚಿಕೊಳ್ಳಲು ಹೋದ.

"ನೋಯಕ್ಕಿಲ್ಲ ಅಂದಿದ್ಯಲ್ಲಣ್ಣ," ಅಂದ ನಟರಾಜು.

"ನೋಯ್ತದೆ ಕಣ್ಲಾ," ಅಂದ ಚಲುವರಾಜು. "ದಿನಾ ನೋಯ್ತದೆ."